ಕುಶಾಲಿನ ಜನ

ಮೂಡಬಿದಿರೆ ಹತ್ತಿರದ ಮಿಜಾರಿನಲ್ಲಿ ಒಂದು ಮದುವೆ. ಹಾಲ್‌ನ ಊಟದ ಸಾಲಿನ ತುದಿಯಲ್ಲಿ, ಕೈ ತೊಳೆಯುವ ನಲ್ಲಿಯ ಬಳಿ ನಾನು ನಿಂತಿದ್ದೆ. ಮಧ್ಯಾಹ್ನ, ಎರಡನೇ ಪಂಕ್ತಿಗೆ ಉಪ್ಪಿನಕಾಯಿ ಬಡಿಸುತ್ತಿದ್ದ ಹೊತ್ತು. ನನ್ನ ಅಣ್ಣ ಎದುರಿನವರೊಡನೆ ಮಾತಾಡುತ್ತಲೇ ಕೂರಲು ಬಗ್ಗಿದ. ಹಿಂದೆ ನಿಂತಿದ್ದ ಅವನ ಗೆಳೆಯ ಪ್ಲಾಸ್ಟಿಕ್ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಎಳೆಯುವಾಗ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ.

ಅಣ್ಣ ಬಂಟ್ವಾಳದಿಂದ ಚಾರ್ಮಾಡಿಗೆ ಹೋಗುವ ಬಸ್ಸಿನ ಡ್ರೈವರ್. ಗೆಳೆಯ ಅದೇ ಬಸ್ಸಿನ ಕಂಡಕ್ಟರ್. ಬೆಳ್ತಂಗಡಿಯವರೆಗೆ ನಿಂತೇ ಬಂದವರೂ ಅಣ್ಣನ ಮಾತಿಗೆ ನಗುತ್ತ ಇಳಿಯುತ್ತಿದ್ದರು. "ಕುಶಾಲಿನ ಜನ" ಎನ್ನುತ್ತಿದ್ದರು. ನಮ್ಮಲ್ಲಿ ಕುಶಾಲು ಎಂದರೆ ತಮಾಷೆ. ಕುಶಾಲಿನ ಜನ ಎಂದರೆ ಬರೀ ತಮಾಷೆ ಮಾಡುವವನಲ್ಲ, ಮನಸ್ಸಿನಲ್ಲಿ ಭಾರ ಇಟ್ಟುಕೊಳ್ಳದವನು. ಅದು ಹೊಗಳಿಕೆಯೆಂದೇ ನಾನು ತಿಳಿದಿದ್ದೆ.

ಹೇಗೆ ಬಿದ್ದದ್ದು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಕಂಡಕ್ಟರ್ ತಡಮಾಡಲಿಲ್ಲ.

"ಇವ ಕುಶಾಲಿನ ಜನ ಅಲ್ವಾ ಡಾಕ್ಟ್ರೇ, ಕುಣಿಲಿಕ್ಕೆ ಹೋಗಿ ಬಿದ್ದ."

ಡಾಕ್ಟರು ನಕ್ಕರು. ಅಲ್ಲ, ಇವನೇ ಕುರ್ಚಿ ಎಳೆದದ್ದು ಎಂದು ನಾನು ಹೇಳಿದೆ. ಅಣ್ಣ ಕೇಳಿಸಿಕೊಂಡ. ಆದರೆ ಬಸ್ಸಿನಲ್ಲಿ ಹರಡಿದ್ದು ಕಂಡಕ್ಟರನ ಮಾತು; ಅಣ್ಣನ ಸ್ವಭಾವ ಬಲ್ಲವರು ಅದನ್ನು ಸುಲಭವಾಗಿ ನಂಬಿದರು.

ಮುರಿದಿದ್ದ ಸೊಂಟದ ಮೂಳೆ ಕೂಡಿತು. ಸ್ಟೇರಿಂಗ್ ಹಿಡಿದು ಘಾಟಿಯ ಬುಡದವರೆಗೆ ಕೂರುವುದು ಮಾತ್ರ ಆಗಲಿಲ್ಲ. ಬಸ್ಸಿಗೆ ಬೇರೆ ಡ್ರೈವರ್ ಬಂದ.

ಒಂದು ಭಾನುವಾರ ಕಂಡಕ್ಟರ್ ಪಾಣೆಮಂಗಳೂರಿನ ನಮ್ಮ ಮನೆಗೆ ಬಂದ. ಅಣ್ಣ ಅವನಿಗೆ ಚಹಾ ಕೊಡಿಸಿ, ಮೆಲ್ಲಗೆ ಹೇಳಿದ:

"ಕುಶಾಲಿಗೆ ಎಳೆದದ್ದು ಅಂತ ಒಂದು ಸಲ ಹೇಳಿಬಿಡು ಮಾರಾಯ. ನನಗೆ ಅಷ್ಟು ಸಾಕು. ಮೊದಲು ನಾನೇ ನಗ್ತೇನೆ."

"ನಿನ್ನದೊಂದು ಕುಶಾಲು! ನಾನು ಎಳೆಯುದಾ?"

ಕಂಡಕ್ಟರ್ ನನ್ನ ಕಡೆ ನೋಡಲಿಲ್ಲ. ಅಣ್ಣ ನಗಲಿಲ್ಲ.

"ಚಹಾ ಕುಡಿ, ತಣೀತದೆ" ಎಂದ.

ಅವನು ಆಮೇಲೆ ಬರಲಿಲ್ಲ. ಈಗ ದಾರಿಯಲ್ಲಿ ಹಳೆಯ ಪ್ರಯಾಣಿಕರು ಯಾರಾದರೂ "ಓ, ಕುಶಾಲಿನ ಜನ!" ಎಂದು ಕೂಗಿದರೆ, "ಅದು ನಾನಲ್ಲ" ಎನ್ನುತ್ತಾನೆ ಅಣ್ಣ. ಅವರು ಅದಕ್ಕೂ ನಗುತ್ತಾರೆ.

ಅಣ್ಣನ ಬೆನ್ನು ಆ ಕಡೆಗಿತ್ತು, ಅವನು ಕಂಡದ್ದಲ್ಲ. ಕಂಡವರಲ್ಲಿ, ಉಪ್ಪಿನಕಾಯಿ ಬಡಿಸುತ್ತಿದ್ದ ಮದುಮಗನ ಮಾವ ಹೋದ ಮಳೆಗಾಲ ತೀರಿಕೊಂಡರು. ಎದುರಿನ ಎಲೆಗೆ ಕೂತಿದ್ದ ಬೆಳ್ತಂಗಡಿಯ ಟೀಚರ್ ಇದ್ದಾರೆ. ನಾನಿದ್ದೇನೆ. ಕಂಡಕ್ಟರ್ ಇದ್ದಾನೆ, ಅದೇ ಬಸ್ಸಿನಲ್ಲಿ.