ಮಕ್ಕಳ ಅಂಚೆಚೀಟಿಗೆ ದೊಡ್ಡಪ್ಪನ ಮೊಹರು

ದಂಡಿನಶಿವರದ ಆಚೆಗಿದ್ದ ನಮ್ಮೂರಿನ ಪೋಸ್ಟಾಫೀಸು ನಮ್ಮ ಮನೆಯ ಜಗಲಿಯಲ್ಲೇ ಇತ್ತು. ದೊಡ್ಡಪ್ಪನೇ ಪೋಸ್ಟ್‌ಮಾಸ್ಟರು; ಕಾಗದಗಳಿಗೆ ಮೊಹರು ಹೊಡೆಯುತ್ತಿದ್ದವಳು ಮಾತ್ರ ಏಳನೇ ತರಗತಿಯಲ್ಲಿದ್ದ ನನ್ನಕ್ಕ. ತಿಪಟೂರಿನಲ್ಲಿ ಕೊಬ್ಬರಿ ಹರಾಜಿದ್ದ ದಿನವೆಲ್ಲ ದೊಡ್ಡಪ್ಪ ಗಾಡಿ ಕಟ್ಟುತ್ತಿದ್ದರು, ಅಕ್ಕ ಸ್ಕೂಲು ಬಿಡುತ್ತಿದ್ದಳು.

ಆ ವರ್ಷ ಮಕ್ಕಳ ಹಕ್ಕು ಸಾರುವ, ಮಗುವಿನ ಮುಖವಿದ್ದ ಅಂಚೆಚೀಟಿ ಬಂತು. ದೊಡ್ಡಪ್ಪ ಅದನ್ನು ಹಿಡಿದುಕೊಂಡು ಸ್ಕೂಲಿಗೇ ಹೋಗಿ, ಮಕ್ಕಳು ಓದಬೇಕು ಎಂದು ಅರ್ಧ ಗಂಟೆ ಕೊರೆದರು. ಆ ಭಾಷಣ ಕೇಳಲು ಅಕ್ಕ ಅಲ್ಲಿರಲಿಲ್ಲ. ಜಗಲಿಯಲ್ಲಿ ಕೂತು ಪೋಸ್ಟಾಫೀಸು ಕಾಯುತ್ತಿದ್ದಳು. ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುವ ದೊಡ್ಡಪ್ಪನ ಆ ಮಹಾ ಕಿವಿಗೆ, ಪಕ್ಕದಲ್ಲೇ ಅಳುವ ಹುಡುಗಿಯ ದನಿ ಕೇಳಿಸುತ್ತಿರಲಿಲ್ಲ.

ಅಕ್ಕನ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯ ಮೊದಲ ದಿನವೇ ಹರಾಜೂ ಬಿತ್ತು.

"ಪರೀಕ್ಷೆ ಮುಂದಿನ್ ವರ್ಸಾನೂ ಬತ್ತದೆ ಕಣೇ. ಈ ಕೊಬ್ಬರಿ ರೇಟು ಬತ್ತದಾ?" ಎಂದರು ದೊಡ್ಡಪ್ಪ.

ಅಕ್ಕ ಮೊಹರು, ಮಸಿ ಪ್ಯಾಡು, ಬೀಗದ ಕೈ ಎಲ್ಲವನ್ನೂ ತಂದು ಗಾಡಿಯ ಕೊಬ್ಬರಿ ಮೂಟೆಯ ಮೇಲಿಟ್ಟಳು. "ಇವ್ನೂ ಹರಾಜಿಗೆ ತಗಂಡೋಗಿ ದೊಡ್ಡಪ್ಪ. ಒಳ್ಳೆ ರೇಟ್ ಬಂದ್ರೆ ಕೊಟ್ಬುಡಿ" ಎಂದವಳೇ ಪರೀಕ್ಷೆಗೆ ನಡೆದುಬಿಟ್ಟಳು.

ದೊಡ್ಡಪ್ಪ ಎತ್ತು ಬಿಚ್ಚಿ, ಜಗಲಿಗೆ ಬಂದು ಕೂತರು. ಅವತ್ತು ಕಾಗದಗಳ ಮೇಲಿನ ಒಂದೊಂದು ಮಗುವಿನ ಮುಖಕ್ಕೂ ಮೂರು ಮೂರು ಸಲ ಮೊಹರು ಗುದ್ದಿದರು. ಮಕ್ಕಳ ಹೆಸರಿನಲ್ಲಿ ಅವರು ಸ್ವಂತ ಕೈಯಿಂದ ಮಾಡಿದ ಕೆಲಸ ಅದೊಂದೇ.