ಮುಸ್ಕಾನ್ ನೆಕ್ಕಿದ ಗೋಡೆ

ಎದುರು ಮನೆಯವರು ಹಳೆಯ ಮಣ್ಣಿನ ಗೋಡೆ ಕೆಡವುತ್ತಿದ್ದಾರೆ. ಧೂಳು ಏಳದಿರಲೆಂದು ನೀರು ಹೊಡೆದಿದ್ದಾರೆ. ಆ ಒದ್ದೆ ಮಣ್ಣಿನ ವಾಸನೆ ನಿಮಗೆ ಹಿತವೆನಿಸಬಹುದು. ನನಗೆ ಮಾತ್ರ ಕೂತಲ್ಲಿ ಕೂರಲಾಗುವುದಿಲ್ಲ.

ಹಾವೇರಿಗೆ ಬರುವ ಮೊದಲು ನಾವು ಬ್ಯಾಡಗಿಯಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯ ಶಮಶಾದ್ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಲಾರಿಯ ಕೆಲಸಕ್ಕೆ ಹೋದ ಗಂಡ ಯಾವಾಗಲೋ ಒಮ್ಮೆ ಬರುತ್ತಿದ್ದ. ಮಗಳು ಮುಸ್ಕಾನ್‌ಗೆ ಆಗಿನ್ನೂ ಶಾಲೆಯ ವಯಸ್ಸಲ್ಲ. ಆ ಮಗು ಆಡದೆ, ಓಡದೆ, ಸದಾ ನಮ್ಮ ಹಿತ್ತಲ ಗೋಡೆಗೆ ಆತು ಕೂತಿರುತ್ತಿತ್ತು. ಎಂಥ ಶಾಂತ ಮಗು ಎಂದು ನಾನು ಓಣಿಗೆಲ್ಲ ಹೊಗಳಿದ್ದೆ. ಹೊಗಳುವುದರಲ್ಲಿ ನನ್ನದು ಯಾವಾಗಲೂ ಧಾರಾಳ ಕೈ. ಒಂದು ದಿನ ನೋಡಿದರೆ ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದು ತಿನ್ನುತ್ತಿದೆ. ಶಮಶಾದ್ ಹೊಡೆದಳು, ಗೋಡೆಗೆ ಖಾರ ಸವರಿದಳು. ಮಗು ಖಾರ ಒರೆಸಿ ಮತ್ತೆ ನೆಕ್ಕಿತು.

ಮೂವರೂ ಬಸ್ಸು ಹತ್ತಿ ಹಾವೇರಿಯ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಮಗುವಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಗಿರಬೇಕಾದ ಜಾಗ ಬೆಳ್ಳಗಿತ್ತು.

“ಹೊಡೀಬ್ಯಾಡ. ಇದು ಹಟ ಅಲ್ಲ. ಮೈಯಾಗ ಕಬ್ಬಿಣದಂಶ ಕಡಿಮಿ ಆದ್ರ ಮಕ್ಳು ಹಿಂಗ ಮಣ್ಣು ತಿಂತಾವ. ಔಷಧ ಬರದು ಕೊಡ್ತೇನಿ. ಕಾಳು, ತಪ್ಪಲಪಲ್ಲೆ, ತತ್ತಿ ತಿನಸು. ಚಹಾ ಬಂದ್ ಮಾಡು, ಅದು ಕಬ್ಬಿಣದಂಶ ಮೈಗೆ ಹತ್ತಗೊಡಂಗಿಲ್ಲ.”

ಶಮಶಾದ್ ಮೆಲ್ಲಗೆ ಕೇಳಿದಳು: “ಚಹಾದಾಗ ರೊಟ್ಟಿ ಅದ್ದಿ ಕೊಡತೇನ್ರಿ. ಚಹಾ ಬಿಟ್ರ ಏನ ಕೊಡ್ಲಿ?”

ಮರುದಿನದಿಂದ ಮುಸ್ಕಾನ್‌ಳ ಮಧ್ಯಾಹ್ನದ ಊಟ ನಮ್ಮಲ್ಲಾಯಿತು: ಕಾಳು, ಸೊಪ್ಪಿನ ಪಲ್ಯ, ಮೊಟ್ಟೆ. ಔಷಧದಿಂದ ಹಲ್ಲು ಕಪ್ಪಾದಾಗ ಶಮಶಾದ್ ಹೆದರಿದಳು. ನಾನೂ ಹೆದರಿದೆ, ತೋರಿಸಿಕೊಳ್ಳಲಿಲ್ಲ. ಕೆಲವು ತಿಂಗಳಲ್ಲಿ ಮಗು ಗೋಡೆ ಬಿಟ್ಟು ಅಂಗಳಕ್ಕಿಳಿಯಿತು, ಓಡಿತು, ನನ್ನ ಹೂಕುಂಡ ಒಡೆಯಿತು. ಆಮೇಲೆ ಅವರು ಕೆಲಸ ಹುಡುಕಿಕೊಂಡು ರಾಣೆಬೆನ್ನೂರಿಗೆ ಹೋದರು.

ಮೊನ್ನೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗಳು ಸಿಕ್ಕರು. ಮುಸ್ಕಾನ್ ಈಗ ಹೈಸ್ಕೂಲಿನ ಎತ್ತರದ ಹುಡುಗಿ. ಖಾನಾವಳಿಗೆ ಕರೆದೊಯ್ದೆ. ತಾಟು ಬಂದೊಡನೆ ಶಮಶಾದ್ ತನ್ನದನ್ನು ಮಗಳ ಕಡೆ ಸರಿಸಿದಳು.

“ನಂದು ಊಟ ಆಗೇತ್ರಿ, ಅಕ್ಕಾರ.”

ಮುಸ್ಕಾನ್ ತಾಟನ್ನು ತಾಯಿಯ ಮುಂದಕ್ಕೆ ತಳ್ಳಿದಳು. “ಆಗಿಲ್ರಿ. ದಿನಾ ಹಿಂಗ ಹೇಳ್ತಾಳ.”

ಶಮಶಾದ್ ನಗಲು ಹೋದಳು. ತುಟಿ ಬಿಳಿಚಿತ್ತು. ಖಾನಾವಳಿಯ ಮೆಟ್ಟಿಲು ಹತ್ತಿದ್ದಕ್ಕೇ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ.

ಅಂದಿನಿಂದ ನನಗೆ ಸಮಾಧಾನವಿಲ್ಲ. ನಾಳೆ ಇಲ್ಲಿಯ ಆಸ್ಪತ್ರೆಗೆ ಬಾ ಎಂದು ಈಗಷ್ಟೇ ಫೋನು ಮಾಡಿದೆ. “ನನಗೇನಾಗೇತ್ರಿ? ನಾಳೆ ಕೆಲಸ ಐತಿ” ಎಂದಳು ಶಮಶಾದ್. ಫೋನು ಕೈ ಬದಲಾಯಿಸಿದ ಸದ್ದಾಯಿತು.

“ಬರ್ತೇವ್ರಿ,” ಎಂದಳು ಮುಸ್ಕಾನ್. “ನಾ ಕರ್ಕೊಂಡು ಬರ್ತೇನಿ.”