ಆಕಾರ ನೋಡಿ ಹೆದರಿದ್ದು

ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಮದುವೆಯಾಗಿ ಐದು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ನಮ್ಮೂರು ಅಫಜಲಪುರದಲ್ಲಿ ಎಲ್ಲರೂ ಗುರುತಿನವರೆಂದು ಜೇವರ್ಗಿಯ ಪ್ರಯೋಗಾಲಯದಲ್ಲಿ ವೀರ್ಯ ಪರೀಕ್ಷೆಗೆ ಕೊಟ್ಟುಬಂದೆ. ನಾಚಿಕೆಗೆ ಎರಡು ತಿಂಗಳು ವರದಿ ತರಲು ಹೋಗಲಿಲ್ಲ. ಅಷ್ಟರಲ್ಲಿ ಹೆಂಡತಿ ಬಸುರಾದಳು. ಆಮೇಲೆ ವರದಿ ತಂದೆ: ಹೆಚ್ಚಿನ ವೀರ್ಯಾಣುಗಳ ತಲೆ ಡೊಂಕು, ಕೆಲವಕ್ಕೆ ಎರಡು ಬಾಲ.

ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ತೊಗರಿಯ ಗುಣ ನೋಡುವುದು ನನ್ನ ಕೆಲಸ. ಅಂಗೈ ಮೇಲೆ ಹರಡಿ, ಮುರುಟಿದ ಕಾಳು ಕಂಡರೆ ಒಳಗೂ ಹುಳುಕೆಂದು ಇಡೀ ಚೀಲ ಬದಿಗಿಡಿಸುತ್ತಿದ್ದೆ. ಅದೇ ಕಣ್ಣಿನಿಂದ ವರದಿ ಓದಿದೆ. ಒಳಗಿನ ವರ್ಣತಂತುಗಳೂ ಕೆಟ್ಟಿರುತ್ತವೆ, ಕೂಸು ಸರಿಯಿರುವುದಿಲ್ಲ ಎಂದುಕೊಂಡೆ.

"ತೆಗೆಸೋಣೇನು?" ಎಂದೆ. ಈಗ ಇದನ್ನು ಬರೆಯುವಾಗ ಈ ಮಾತನ್ನು ಬೇರೆ ಯಾರೋ ಆಡಿದಂತೆ ಎರಡು ಸಲ ಬರೆದು ನೋಡಿದೆ. ಆಡಿದವನು ನಾನೇ.

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಮೂಗೂ ಡೊಂಕೇ ಅದ. ನಿಮ್ಮವ್ವ ತೆಗೆಸಿದ್ಲೇನ್ರಿ? ನಡೀರಿ, ನೋಡಿದವರನ್ನೇ ಕೇಳೂಣು."

ಪರೀಕ್ಷೆ ಮಾಡಿದಾಕೆ ನಡುವಯಸ್ಸಿನವಳು. ಕನ್ನಡಕವಿತ್ತೆಂದು ನನ್ನ ನೆನಪು. ಇರಲಿಲ್ಲವೆಂದು ಹೆಂಡತಿ ಈಗಲೂ ಜಗಳಾಡುತ್ತಾಳೆ. ಆಕೆ ನನ್ನನ್ನು ಸೂಕ್ಷ್ಮದರ್ಶಕದ ಮೇಲೆ ಬಗ್ಗಿಸಿ ಬೇರೆ ಯಾರದೋ ಸ್ಲೈಡ್ ತೋರಿಸಿದಳು.

"ಇವರಿಗೆ ಮೂರು ಮಕ್ಕಳ್ರಿ. ಡೊಂಕು ಎಷ್ಟವ ನೋಡ್ರಿ."

"ಒಳಗಿನ ವರ್ಣತಂತು?" ಎಂದೆ.

"ಅವು ಇದರಾಗ ಕಾಣೂದಿಲ್ರಿ. ತಲಿ ಭಾಳ ದೊಡ್ಡದಿದ್ರ ಒಳಗ ಹೆಚ್ಚಿಗಿ ತುಂಬಿರಬಹುದು ಅಂತಾರ. ಉಳಿದದ್ದು ಆಕಾರ ನೋಡಿ ಹೇಳಾಕ ಬರಂಗಿಲ್ಲ. ಚಂದ ಇದ್ದದ್ರಾಗೂ ಲೆಕ್ಕ ತಪ್ಪಿರ್ತದ, ಡೊಂಕಿದ್ದದ್ರಾಗೂ ಸರಿ ಇರ್ತದ."

"ಹಂಗಾದ್ರ ನಮ್ಮ ಕೂಸು?" ಹೆಂಡತಿ ಕೇಳಿದಳು.

"ನನಗ ಗೊತ್ತಿಲ್ಲವ್ವ. ಈ ಕಾಗದಕ್ಕೂ ಗೊತ್ತಿಲ್ಲ."

"ಹಂಗಾದ್ರ ಇಟ್ಕೋತೇನಿ," ಎಂದು ಹೆಂಡತಿ ಎದ್ದಳು. ನನ್ನನ್ನು ಕೇಳಲಿಲ್ಲ.

ನನಗೆ ಸಮಾಧಾನವಾಯಿತೆಂದು ಬರೆದರೆ ಸುಳ್ಳು. ಹೆರಿಗೆಯವರೆಗೂ ಹೆದರುತ್ತಲೇ ಇದ್ದೆ. ಆದರೂ ಒಂದು ಹುಸಿ ಭರವಸೆ ಕೊಟ್ಟು ಕಳಿಸದೆ, ತಿಳಿಯದ್ದನ್ನು ತಿಳಿಯದೆಂದೇ ಹೇಳಿದ ಆ ಹೆಂಗಸಿಗೆ ನಾನು ಋಣಿ. ಅವಳು ಊಹೆಯ ಮೇಲೆ ಕೂಸು ಕೆಟ್ಟಿರಬಹುದು ಎಂದಿದ್ದರೂ ನಾನು ಅದನ್ನೇ ಹಿಡಿದು ಹೆಂಡತಿಯ ಮನಸ್ಸು ಮುರಿಯುತ್ತಿದ್ದೆ.

ಮಗಳು ಹುಟ್ಟಿದ ಮೇಲೆ ಪೇಡೆ ತೆಗೆದುಕೊಂಡು ಜೇವರ್ಗಿಗೆ ಹೋದೆ. ಆಕೆಗೆ ಗುರುತು ಹತ್ತಲಿಲ್ಲ.

"ಯಾರ್ರಿ ನೀವು?"

ಹೇಳಬೇಕೆಂದುಕೊಂಡದ್ದೆಲ್ಲ ಮರೆತು, "ಹೆಣ್ಣು ಕೂಸ್ರಿ, ಆರಾಮ ಅದ," ಎಂದೆ.

"ಭೇಷಾತು ಬಿಡ್ರಿ," ಎಂದು ಒಂದು ಪೇಡೆ ಬಾಯಿಗೆ ಹಾಕಿಕೊಂಡಳು, ಇನ್ನೊಂದಕ್ಕೆ ಕೈ ಚಾಚಿದಳು.